ಕಂಬಳಿಕೊಪ್ಪೆಯ ಕೋಳಿಗೆ ಬೆನ್ನು ಬಂದ ಬಗೆ: ಚಿಕ್ಕಮಗಳೂರಿನ ಒಂದು ಕಲಾ ಕಾರ್ಯಾಗಾರದ ಅನುಭವ

ನನ್ನ ಮಗಳು ತನ್ನ ಚಿತ್ರಪುಸ್ತಕದಲ್ಲಿ ಒಂದು ಕೋಳಿಯನ್ನು ಬರೆದಿದ್ದಾಳೆ. ಮಳೆಗೆ ತಲೆಯಿಂದ ಬೆನ್ನಿನವರೆಗೆ ಹೊದೆಯುವ ಕಂಬಳಿಕೊಪ್ಪೆ ಹಾಕಿ, ಒಂದೇ ಕಾಲಿಗೆ ಗಂಬೂಟು ತೊಟ್ಟು, ಮಳೆಯಲ್ಲಿ ಎಲ್ಲಿಗೋ ಅವಸರವಾಗಿ ಹೊರಟ ಕೋಳಿ ಅದು. ಎಡಗಾಲು ಬಲಗಾಲಿಗಿಂತ ಉದ್ದ, ಎರಡು ಕಣ್ಣುಗಳಲ್ಲಿ ಒಂದು ಕೊಕ್ಕಿನ ಮೇಲೆಯೇ ಕುಳಿತಿದೆ. ಇಂತಹ ಚಿತ್ರಗಳನ್ನು ತಂತಿ, ಕಾಗದದ ಜೇಡಿ (ಕಾಗದದ ತಿರುಳು ಬೆರೆಸಿದ ಜೇಡಿ), ಬಟ್ಟೆ, ಮರಗಳನ್ನು ಕೂಡಿಸಿ ಮೂರು ಆಯಾಮದ ಮಿಶ್ರಮಾಧ್ಯಮ ಕೃತಿಯಾಗಿಸಲು ಕಲಿಸುವ ಕಾರ್ಯಾಗಾರವೊಂದು ಚಿಕ್ಕಮಗಳೂರಿನಲ್ಲಿ, ರತ್ನಗಿರಿ ಬೋರೆಯ ದಿಕ್ಕಿನ ಹಳೆಯ ಹೆಂಚಿನ ಮನೆಯೊಂದರಲ್ಲಿ, ಕಳೆದ ಆಗಸ್ಟ್‌ನ ಎರಡು ಭಾನುವಾರ ನಡೆಯಿತು. ಒಂಬತ್ತು ವರ್ಷದ ಮಗಳೊಂದಿಗೆ ನಾನೂ ಸೇರಿದ್ದೆ. ಸಾಮಗ್ರಿಯೂ ಸೇರಿ ಇಬ್ಬರಿಗೆ 2,400 ರೂಪಾಯಿ ಕೊಟ್ಟೆವು.

ಮೊದಲು ಹೇಳಬೇಕಾದದ್ದೆಂದರೆ, ಅಲ್ಲಿ ಯಾರೂ ಆ ಕೋಳಿಯನ್ನು ತಿದ್ದಲು ಹೋಗಲಿಲ್ಲ. ಕಲಿಸಿದ ಕಲಾವಿದೆ ಚಿತ್ರವನ್ನು ಜೆರಾಕ್ಸ್‌ನಲ್ಲಿ 20 ಸೆಂ.ಮೀ. ಎತ್ತರಕ್ಕೆ ಹಿಗ್ಗಿಸಿ ತರಿಸಿ, ಅಲ್ಯೂಮಿನಿಯಂ ತಂತಿಯನ್ನು ಗೆರೆಯ ಮೇಲೆಯೇ ಇಟ್ಟು ಬಗ್ಗಿಸಲು ಹೇಳಿದರು. ಹೀಗೆ ಮಾಡಿದಾಗ ಮಗುವಿನ ಕೈ ಎಲ್ಲಿ ನಡುಗಿತ್ತೋ ಅಲ್ಲಿ ತಂತಿಯೂ ವಾಲುತ್ತದೆ, ಮತ್ತು ಚಿತ್ರದ ಜೀವ ಇರುವುದು ಆ ವಾಲಿಕೆಯಲ್ಲಿಯೇ. ಉದ್ದದ ಕಾಲನ್ನು ಉದ್ದವಾಗಿಯೇ ಉಳಿಸಿದ್ದರಿಂದ ಕೋಳಿ ಮುಂದಕ್ಕೆ ಮುಗ್ಗರಿಸುತ್ತಿತ್ತು. ಅದಕ್ಕೆ ಕಾಲನ್ನು ಕತ್ತರಿಸದೆ, ಸಿಲ್ವರ್ ಓಕ್ ಹಲಗೆಯ ತುಂಡಿನಲ್ಲಿ ಎರಡು ತೂತು ಕೊರೆದು ತಂತಿಯ ತುದಿಗಳನ್ನು ನೆಟ್ಟು ನಿಲ್ಲಿಸಿದರು.

ಅನಂತರ ಬಂದ ಪ್ರಶ್ನೆಯೇ ಇಡೀ ಕಾರ್ಯಾಗಾರದ ತಿರುಳು: ಈ ಕೋಳಿಯ ಬೆನ್ನು ಹೇಗಿದೆ? ಕಾಗದದ ಮೇಲಿನ ಕೋಳಿಗೆ ಬೆನ್ನೇ ಇರಲಿಲ್ಲ. ಇಲ್ಲಿಂದ 25 ಕಿ.ಮೀ. ದೂರದ ಬೇಲೂರಿನಲ್ಲಿ, ಹಾಗೆಯೇ ಹಳೇಬೀಡಿನಲ್ಲಿ, ಹೊಯ್ಸಳ ಶಿಲ್ಪಿಗಳು ಕೆತ್ತಿದ ಮಕರಗಳನ್ನು ನೋಡಿದವರಿಗೆ ಕಲ್ಪನೆಯ ಪ್ರಾಣಿಯೊಂದು ಗೆರೆಯಿಂದ ಕಲ್ಲಿಗೆ ಬರುವುದೆಂದರೇನೆಂದು ಗೊತ್ತು. ಆನೆಯ ಸೊಂಡಿಲು, ಸಿಂಹದ ಕಾಲು, ನವಿಲಿನ ಬಾಲಗಳು ಒಂದೇ ಮೈಯಲ್ಲಿ ಸೇರಿಯೂ ಅದು ನಂಬುವಂತಹ ಪ್ರಾಣಿಯಾಗಿ ಓಡುತ್ತದೆ. ಆದರೆ ಅದು ಗೋಡೆಗೆ ಅಂಟಿದ ಉಬ್ಬುಶಿಲ್ಪ, ಅದರ ಹಿಂಬದಿಯನ್ನು ಶಿಲ್ಪಿ ತೀರ್ಮಾನಿಸಬೇಕಾಗಿರಲಿಲ್ಲ. ನಮ್ಮದು ಸುತ್ತಲೂ ನಡೆದು ನೋಡುವ ದುಂಡುಶಿಲ್ಪ. ಮಗಳು ಹತ್ತು ನಿಮಿಷ ಸುಮ್ಮನೆ ಕುಳಿತು, ಕೊಪ್ಪೆಯ ಹಿಂದೆ ಒಂದು ಮರಿ ಅಡಗಿಕೊಂಡಿದೆ ಎಂದಳು. ಚಿತ್ರ ಬರೆದಾಗ ಆ ಮರಿ ಅವಳಿಗೂ ತಿಳಿದಿರಲಿಲ್ಲ.

ಸಾಮಗ್ರಿಗಳ ಆಯ್ಕೆ ಚೆನ್ನಾಗಿತ್ತು. ಮೈಗೆ ಅಡುಗೆಮನೆಯ ಫಾಯಿಲನ್ನು ಉಂಡೆ ಮಾಡಿ ತುಂಬಿ, ಅದರ ಮೇಲೆ ಮಾಸ್ಕಿಂಗ್ ಟೇಪ್ ಸುತ್ತಿ, ಕೊನೆಗೆ ಕಾಗದದ ಜೇಡಿಯನ್ನು ತೆಳುವಾಗಿ ಹಚ್ಚಿದ್ದರಿಂದ ಕೃತಿ ಹಗುರವಾಯಿತು. ಗರಿಗಳಿಗೆ ಬಳಸಿದ್ದು ಕಾಫಿ ಬೀಜವನ್ನು ಸಂಸ್ಕರಿಸುವ ಕ್ಯೂರಿಂಗ್ ಘಟಕದಿಂದ ತಂದ ಕಾಫಿ ಹೊಟ್ಟು. ಕೊಪ್ಪೆಗೆ ನಿಜವಾದ ಕಂಬಳಿಯ ಚೂರನ್ನೇ ನೀರು ಬೆರೆಸಿದ ಫೆವಿಕಾಲ್‌ನಲ್ಲಿ ಅದ್ದಿ, ಮಡಿಕೆಗಳನ್ನು ಬೆರಳಿನಿಂದ ಕೂರಿಸಿ ಒಣಗಿಸಿದೆವು. ಒಣಗಿದ ಮೇಲೆ ಕೊಪ್ಪೆ ಗಾಳಿಗೆ ಬೀಸಿದಂತೆಯೇ ಗಟ್ಟಿಯಾಗಿ ನಿಂತಿತು. ಒಂದು ಕೊರತೆಯೆಂದರೆ, ಇದೆಲ್ಲ ಹೊರಗಿನಿಂದ ಬಂದ ಹೊಸ ವಿದ್ಯೆ ಎಂಬಂತೆ ಪರಿಚಯಿಸಿದರು. ಮರದ ಗೊಂಬೆಗಳನ್ನು ಮಾಡುವ ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಹಗುರ ಮರದ ತುಂಡುಗಳನ್ನು ಹುಣಿಸೆಬೀಜದ ಅಂಟಿನಿಂದ ಜೋಡಿಸಿ, ಪುಡಿ ಮಾಡಿದ ಸೆಣಬಿನ ಬಟ್ಟೆಯನ್ನು ಅದೇ ಅಂಟಿನಲ್ಲಿ ಕಲಸಿ ಮೈ ತುಂಬಿ, ಕಲ್ಲಿನ ಪುಡಿಯ ಲೇಪದ ಮೇಲೆ ಬಣ್ಣ ಹಚ್ಚುವ ಬಗೆಯನ್ನು ಮಕ್ಕಳಿಗೆ ಐದು ನಿಮಿಷ ಹೇಳಿದ್ದರೂ ಸಾಕಾಗಿತ್ತು.

ಕಣ್ಣಿನ ವಿಷಯದಲ್ಲಿ ನನಗೆ ಬಲವಾದ ಭಿನ್ನಾಭಿಪ್ರಾಯವಿದೆ. ಕರಿಗುಂಡು ಅಲುಗಾಡುವ ಪ್ಲಾಸ್ಟಿಕ್ ಕಣ್ಣುಗಳ ಡಬ್ಬಿಯೊಂದನ್ನು ಮೇಜಿನ ಮೇಲೆ ಇಟ್ಟಿದ್ದರು, ಹೆಚ್ಚಿನ ಮಕ್ಕಳು ಅದನ್ನೇ ಅಂಟಿಸಿದರು. ಅಲ್ಲಿಯವರೆಗೆ ಬೇರೆ ಬೇರೆಯಾಗಿದ್ದ ಹನ್ನೆರಡು ಪಾತ್ರಗಳು ಒಮ್ಮೆಲೇ ಒಂದೇ ಮನೆಯವರಂತೆ ಕಾಣತೊಡಗಿದವು. ಪಾತ್ರದ ಸ್ವಭಾವ ನೆಲೆಸಿರುವುದು ಕಣ್ಣಿನಲ್ಲಿ, ಮಗು ಬರೆದ ಕಣ್ಣನ್ನೇ ಜೇಡಿಯಲ್ಲಿ ಕೂರಿಸುವುದು ಸರಿ. ನಾವು ಹಾಗೆಯೇ ಮಾಡಿದೆವು, ಒಂದು ಕಣ್ಣು ಕೊಕ್ಕಿನ ಮೇಲೆಯೇ ಉಳಿಯಿತು.

ನಿಜವಾದ ತೊಂದರೆ ಮಳೆಗಾಲದ್ದು. ಮಲೆನಾಡಿನ ಆಗಸ್ಟ್‌ನ ತೇವದಲ್ಲಿ ಒಂದು ವಾರ ಕಳೆದರೂ ಜೇಡಿಯ ಒಳಪದರ ಹಸಿಯಾಗಿತ್ತು. ಎರಡನೆಯ ಭಾನುವಾರ ಸಮಯ ಸಾಲದೆಂದು ಹೇರ್ ಡ್ರೈಯರ್ ಹಿಡಿದು ಒಣಗಿಸಿದರು. ಮೇಲ್ಪದರ ಬೇಗ ಒಣಗಿ ಕುಗ್ಗಿತು, ಒಳಗಿನ ಹಸಿ ಜೇಡಿಯಾಗಲಿ ಫಾಯಿಲ್ ಆಗಲಿ ಅದರ ಜೊತೆ ಕುಗ್ಗಲಿಲ್ಲ, ಹಾಗಾಗಿ ಕತ್ತಿನ ಸುತ್ತ ಬಿರುಕು ಬಂದಿತು. ಮನೆಯಲ್ಲಿ ಅದೇ ಜೇಡಿಯನ್ನು ನೀರಿನಲ್ಲಿ ಕದಡಿ, ಬಿರುಕಿಗೆ ತುಂಬಿ, ನಾಲ್ಕು ದಿನ ಒಲೆಯ ಮೇಲಿನ ಅಟ್ಟದಲ್ಲಿಟ್ಟು ಒಣಗಿಸಿದ ಮೇಲೆ ಸರಿಹೋಯಿತು. ಬಣ್ಣದ ಪಾಠ ಅವಸರದಲ್ಲಿ ಮುಗಿಯಿತು.

ಸೇರಬಯಸುವವರು ಮಳೆಗಾಲವನ್ನು ಬಿಟ್ಟು ಜನವರಿ ಅಥವಾ ಫೆಬ್ರುವರಿಯ ತಂಡಕ್ಕೆ ಸೇರುವುದು ಒಳ್ಳೆಯದು, ಮತ್ತು ಮೊಬೈಲಿನಲ್ಲಿ ಹುಡುಕಿದ ಚಿತ್ರದ ಬದಲು ಮಗುವಿನದೇ ಚಿತ್ರವನ್ನು ಒಯ್ಯಬೇಕು. ಸಂಕ್ರಾಂತಿಯ ನಂತರ ಮೂರು ಭಾನುವಾರಗಳ ತಂಡ ನಡೆಸುವುದಾಗಿ ಕಲಾವಿದೆ ಹೇಳಿದ್ದಾರೆ, ನಾವು ಈಗಾಗಲೇ ಹೆಸರು ಕೊಟ್ಟಿದ್ದೇವೆ. ಮಗಳು ಈ ಸಲ ಬಾಲದ ತುದಿಯಲ್ಲಿ ಛತ್ರಿ ಬಿಚ್ಚಿಕೊಂಡ ಬೆಕ್ಕೊಂದನ್ನು ಬರೆದಿದ್ದಾಳೆ. ಹಾಳೆಯನ್ನು ತಿರುಗಿಸಿದರೆ, ಅದರ ಬೆನ್ನೂ ಬರೆದಾಗಿದೆ.