ಮಳೆಗಾಲದ ಕುದುರೆಮುಖದಲ್ಲಿ ಕ್ಯಾಮೆರಾದ ಮಳೆಕವಚ: ನೀರಿಗೆ ಸರಿ, ಕೈಗೆ ಸಂಕೋಲೆ

ಚಾರಣ ತಂಡಗಳನ್ನು ಬೆಟ್ಟಕ್ಕೆ ಕರೆದೊಯ್ಯುವುದೂ ಅದೇ ತಂಡದ ಚಿತ್ರ ತೆಗೆಯುವುದೂ ನನ್ನ ಪಾಲಿನ ಕೆಲಸವಾಗಿರುವುದರಿಂದ, ಕ್ಯಾಮೆರಾಕ್ಕೆ ತೊಡಿಸುವ ಈ ಪಾರದರ್ಶಕ ಮಳೆಕವಚವನ್ನು ಕೆಲವು ಮಳೆಗಾಲಗಳಿಂದ, ಹೆಚ್ಚಾಗಿ ಬೆಟ್ಟದ ಬುಡದ ಹಳ್ಳಿ ಮುಳ್ಳೋಡಿಯಿಂದ ಕುದುರೆಮುಖಕ್ಕೆ ಹೋಗುವ ದಾರಿಯಲ್ಲಿ, ಬಳಸುತ್ತ ಬಂದಿದ್ದೇನೆ. ಆನ್‌ಲೈನಿನಲ್ಲಿ ಹತ್ತಾರು ಹೆಸರಿನಲ್ಲಿ ಸಿಗುವ, ಕೈ ತೂರಿಸಲು ಎರಡು ತೋಳುಗಳಿರುವ, ಲೆನ್ಸಿನ ಮೂತಿಗೆ ದಾರ ಬಿಗಿಯುವ ಅದೇ ಕವಚವಿದು. ಅಳತೆ ಮತ್ತು ದಪ್ಪದ ವಿವರ ಮಾರಾಟದ ಪುಟದಲ್ಲೇ ಇರುವುದರಿಂದ ಇಲ್ಲಿ ಬೇಡ. ನೀರಿನ ವಿಷಯದಲ್ಲಿ ನನ್ನ ತಕರಾರಿಲ್ಲ. ಜುಲೈನಲ್ಲಿ ಕಣಿವೆಯ ದಟ್ಟ ಶೋಲಾ ಕಾಡು ಮುಗಿದು ಹುಲ್ಲುಗಾವಲು ತೆರೆದುಕೊಂಡ ಕೂಡಲೇ, ಅರಬ್ಬಿ ಸಮುದ್ರದ ಕಡೆಯಿಂದ ಬೀಸುವ ಗಾಳಿಯೊಂದಿಗೆ ಮಳೆ ಅಡ್ಡಡ್ಡಲಾಗಿ ಬಂದು ಕೆನ್ನೆಗೆ ಹೊಡೆಯುತ್ತದೆ. ಅಂಥಲ್ಲಿಯೂ ಕ್ಯಾಮೆರಾದ ಗುಂಡಿಗಳ ಮೇಲೆ ಒಂದು ಹನಿ ಬಿದ್ದದ್ದನ್ನು ನಾನು ಕಂಡಿಲ್ಲ.

ತಕರಾರಿರುವುದು ಕೈಗಳದ್ದು. ಈ ಕವಚ ಕ್ಯಾಮೆರಾವನ್ನು ಕಾಪಾಡಿದ್ದಕ್ಕೆ ಪ್ರತಿಯಾಗಿ ನನ್ನ ಎರಡೂ ಕೈಗಳನ್ನು ಒತ್ತೆ ಇಟ್ಟುಕೊಳ್ಳುತ್ತದೆ. ಹಳ್ಳ ದಾಟಿಸುವಾಗ ಒಬ್ಬರು ಹರಿವಿನ ಕೆಳಬದಿಯಲ್ಲಿ ನಿಂತು ಪ್ರತಿಯೊಬ್ಬರಿಗೂ ಕೈ ಕೊಡಬೇಕು. ಸ್ಥಳೀಯ ಮಾರ್ಗದರ್ಶಕರು ಆಚೆ ದಡದಲ್ಲಿದ್ದರೆ ಈ ಕೆಲಸ ನನ್ನದು. ಊರಿಗೆ ಮರಳಿದ ಮೇಲೆ ಎಲ್ಲರೂ ಕೇಳುವ ಚಿತ್ರವೂ ಅದೇ: ಮೊಣಕಾಲುದ್ದದ ನೀರು, ಹಿಡಿದ ಕೈ, ಅರ್ಧ ನಗು, ಅರ್ಧ ಭಯ. ಆದರೆ ಒದ್ದೆ ಮುಂಗೈಗೆ ಅಂಟಿಕೊಂಡ ಪ್ಲಾಸ್ಟಿಕ್ಕನ್ನು, ಅದರ ಎಲಾಸ್ಟಿಕ್ ಪಟ್ಟಿಯ ಸಮೇತ ಕಿತ್ತು ಕೈ ಹೊರಗೆ ತೆಗೆಯುವಷ್ಟರಲ್ಲಿ ಪಾಚಿಗಟ್ಟಿದ ಕಲ್ಲಿನ ಮೇಲೆ ಯಾರಾದರೂ ಜಾರಿ ಕುಳಿತಿರಬಹುದು. ಆದ್ದರಿಂದ ಹಳ್ಳದ ಹತ್ತಿರ, ಇಳಿಜಾರಿನ ಕೆಸರಿನಲ್ಲಿ, ಮಂಜು ಕವಿದು ಹಿಂದಿನವರು ಕಾಣದಾದಾಗ ಕ್ಯಾಮೆರಾ ಚೀಲದೊಳಗೇ ಇರಬೇಕಾಗುತ್ತದೆ. ಮಳೆಯಲ್ಲಿ ಚಿತ್ರ ತೆಗೆಯಲೆಂದೇ ಮಾರುವ ವಸ್ತು, ಮಳೆ ನಿಜವಾಗಿ ಚಿತ್ರವಾಗುವ ಗಳಿಗೆಯಲ್ಲಿ ನಿರುಪಯೋಗಿಯಾಗುವುದು ನನಗೆ ಪ್ರತಿ ಸಲವೂ ಕಿರಿಕಿರಿ ಉಂಟುಮಾಡುತ್ತದೆ.

ಇದರ ಜೊತೆಗೆ ಇಂಬಳದ, ಅಂದರೆ ಕಾಡಿನ ಜಿಗಣೆಯ, ಕಾಟವೂ ಇದೆ. ಉಪ್ಪಿನ ಗಂಟು, ಸುಣ್ಣ, ಹೊಗೆಸೊಪ್ಪು, ಉದ್ದನೆಯ ಕಾಲುಚೀಲ, ಎಲ್ಲ ಏರ್ಪಾಡೂ ಕಾಲಿಗೆ. ಆದರೆ ಕವಚದ ತೋಳಿನ ತುದಿಯ ಬೆಚ್ಚನೆಯ ಜಾಗವನ್ನು ಇಂಬಳಗಳು ಹೇಗೋ ಪತ್ತೆಹಚ್ಚುತ್ತವೆ. ಪಾರದರ್ಶಕ ಪ್ಲಾಸ್ಟಿಕ್ಕಿನ ಒಳಮೈ ಮೇಲೆ ಒಂದು ಇಂಬಳ ಮೈಯನ್ನು ಕಮಾನಿನಂತೆ ಬಾಗಿಸುತ್ತ, ಮೂತಿಯೆತ್ತಿ ಅತ್ತಿತ್ತ ಅರಸುತ್ತ, ಶಟರ್ ಗುಂಡಿಯ ಕಡೆಗೆ ನಿಧಾನವಾಗಿ ಸಾಗುವುದನ್ನು ನೋಡುತ್ತಲೇ ಫೋಕಸ್ ಮಾಡುವುದು ಸಣ್ಣ ಪರೀಕ್ಷೆಯಲ್ಲ.

ಇಷ್ಟಾದರೂ ಇದನ್ನು ನಾನು ಎಸೆದಿಲ್ಲ. ದಾರಿಯಲ್ಲಿ ಸಿಗುವ ಒಂಟಿಮರದ ಬಳಿ ತಲೆ ಎಣಿಸಲು ಎಲ್ಲರನ್ನೂ ನಿಲ್ಲಿಸಿದಾಗ, ನಿಧಾನ ನಡೆಯುವವರು ಉಸಿರು ತೆಗೆದುಕೊಳ್ಳುತ್ತಿರುವಾಗ, ನನ್ನ ಕೈಗಳಿಗೆ ಬೇರೆ ಕೆಲಸವಿರುವುದಿಲ್ಲ; ಆಗ ಈ ಕವಚ ತನ್ನ ಬೆಲೆಯನ್ನು ಪೂರ್ತಿ ತೀರಿಸುತ್ತದೆ. ಮಂಜಿನ ಬಿಳುಪನ್ನು ಕ್ಯಾಮೆರಾ ಬೂದು ಮಾಡಿಬಿಡುವುದರಿಂದ ಎಕ್ಸ್‌ಪೋಷರನ್ನು (ಚಿತ್ರಕ್ಕೆ ಬೀಳುವ ಬೆಳಕಿನ ಪ್ರಮಾಣವನ್ನು) ಒಂದು ಹಂತ ಏರಿಸಿಕೊಳ್ಳುತ್ತೇನೆ. ಆಟೋಫೋಕಸ್ ಮಂಜಿನಲ್ಲಿ ಹಿಂದುಮುಂದು ತಡಕಾಡುವುದರಿಂದ ಯಾರದಾದರೂ ಕೆಂಪು ಪೊಂಚೊದ ಅಂಚಿಗೆ ಗುರಿಯಿಡುತ್ತೇನೆ. ಇವೆಲ್ಲವನ್ನೂ ಪ್ಲಾಸ್ಟಿಕ್ಕಿನ ಒಳಗೇ ಬೆರಳಿಗೆ ತಿಳಿಯುವಂತೆ ಮಾಡಬಹುದು. 1,894 ಮೀಟರ್ ಎತ್ತರದ ತುದಿಯಲ್ಲಿ ನೋಟ ಸಿಗುವ ಭರವಸೆ ಆ ತಿಂಗಳುಗಳಲ್ಲಿ ಹೇಗೂ ಇಲ್ಲ. ಹಾಗಾಗಿ ನಿಂತಲ್ಲಿ ಸಿಗುವ ಮುಖಗಳೇ ನನ್ನ ಚಿತ್ರಗಳು.

ಸಂಜೆಯ ಆರೈಕೆಯಂತೂ ನನಗೆ ಇಷ್ಟವಾದ ಭಾಗ. ಹೋಂಸ್ಟೇಗೆ ಬಂದ ಕೂಡಲೇ ಕವಚ ಬಿಚ್ಚುವುದಿಲ್ಲ. ತಣ್ಣಗಿರುವ ಲೆನ್ಸನ್ನು ಕಾಫಿ ಕಾಯುವ ಅಡುಗೆಮನೆಯ ಬಿಸಿಯಾದ ತೇವಕ್ಕೆ ಒಡ್ಡಿದರೆ ಗಾಜಿನ ಮೇಲೆ ಹಬೆ ಕೂರುವುದರಿಂದ, ಕ್ಯಾಮೆರಾವನ್ನು ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಜಗಲಿಯಲ್ಲೇ ಜಿಪ್ ಚೀಲದಲ್ಲಿ ಮುಚ್ಚಿ ಒಳಗೆ ತರುತ್ತೇನೆ. ಅದು ಕೋಣೆಯ ಬಿಸಿಗೆ ಹೊಂದಿಕೊಂಡ ಮೇಲಷ್ಟೇ ತೆರೆಯುವುದು. ಕವಚವನ್ನು ಒಳಹೊರಗು ತಿರುವಿ, ಹತ್ತಿಬಟ್ಟೆಯಿಂದ ಒರೆಸಿ, ಬಚ್ಚಲೊಲೆಯ ಪಕ್ಕದ ಹಗ್ಗಕ್ಕೆ, ಉರಿಯಿಂದ ತಕ್ಕಷ್ಟು ದೂರಕ್ಕೆ, ತೂಗುಹಾಕುತ್ತೇನೆ. ಹತ್ತಿರ ಹೋದರೆ ಪ್ಲಾಸ್ಟಿಕ್ಕು ಸುಕ್ಕುಗಟ್ಟುತ್ತದೆ. ದೂರವೇ ಉಳಿದರೆ ಮಲೆನಾಡಿನ ತೇವಕ್ಕೆ ಬೆಳಗಿನವರೆಗೂ ಒಣಗುವುದಿಲ್ಲ.

ನನ್ನ ಆದಾಯಕ್ಕೆ ಗಟ್ಟಿಯಾದ ಬಟ್ಟೆಯ ದುಬಾರಿ ಕವಚ ಕೊಳ್ಳುವುದು ಕಷ್ಟ, ಹಾಗಾಗಿ ಕೆಲವು ನೂರು ರೂಪಾಯಿಯ ಇದನ್ನೇ ನನ್ನ ಕೈಗೆ ಹೊಂದಿಸಿಕೊಂಡಿದ್ದೇನೆ. ಎಡತೋಳನ್ನು ಹಾಗೇ ಬಿಟ್ಟು, ಬಲತೋಳನ್ನು ಮೊಣಕೈಯ ಅಳತೆಗೆ ಕತ್ತರಿಸಿ ಎಲಾಸ್ಟಿಕ್ ತೆಗೆದುಹಾಕಿದ್ದೇನೆ. ಸ್ವಲ್ಪ ನೀರು ಒಳಗೆ ಬರುತ್ತದೆ, ಆದರೆ ಕೈ ಒಂದೇ ಎಳೆತಕ್ಕೆ ಹೊರಬರುತ್ತದೆ. ಬರೀ ಚಿತ್ರ ತೆಗೆಯಲು ಹೋಗುವವರು ಇದನ್ನು ಯೋಚಿಸದೆ ಕೊಳ್ಳಬಹುದು. ತಂಡದ ಹೊಣೆಯೂ ಹೆಗಲ ಮೇಲಿರುವವರು ಒಂದು ಅಳತೆ ದೊಡ್ಡದನ್ನು, ಒಂದು ಕತ್ತರಿಯ ಜೊತೆಗೆ ಕೊಳ್ಳಲಿ.