ನೀರಲ್ಲಿ ಸಗಣಿ ಪತ್ತೆ ಹಚ್ಚೋಕೆ ಕಪ್ಪಾಗುವ ಬಾಟಲಿ: 5ಕ್ಕೆ 3 ಅಂಕ

ನೀರು ತುಂಬಿಸಿ ಇಟ್ಟರೆ ಕಪ್ಪಾಗುತ್ತದಲ್ಲ, ಆ ಹೈಡ್ರೋಜನ್ ಸಲ್ಫೈಡ್ ಟೆಸ್ಟ್ ಬಾಟಲಿಯ ವಿಷಯ. ಕುಡಿಯುವ ನೀರಿನಲ್ಲಿ ಮಲದ ಕೊಳಕು ಸೇರಿದೆಯಾ ಅಂತ ನೋಡೋಕೆ ಅಂತಲೇ ಭಾರತದ ವಿಜ್ಞಾನಿಗಳು 1982ರಲ್ಲಿ ಪ್ರಕಟಿಸಿದ ವಿಧಾನ ಇದು. ನಾನು ತರಿಸಿದ್ದು ಬೇರೆ ಕೆಲಸಕ್ಕೆ. ಹೊಲದಡಿ ಹೂತಿರುವ ತೂತಿನ ಪೈಪುಗಳಿಂದ ಹಳ್ಳಕ್ಕೆ ಬೀಳುವ ಬಸಿನೀರಿನಲ್ಲಿ ಕೊಟ್ಟಿಗೆಯ ಸಗಣಿ ಸೇರುತ್ತಿದೆಯಾ ಅಂತ ನೋಡಬೇಕಿತ್ತು.

ಬಳಸೋದು ಸುಲಭ. ಒಳಗೆ ಔಷಧಿ ಹಿಡಿಸಿದ ಕಾಗದದ ಪಟ್ಟಿ ಇರುತ್ತದೆ. ಗೆರೆವರೆಗೆ ನೀರು ಹಾಕಿ, ಬಾಯಿಗೆ ಬೆರಳು ತಾಗಿಸದೆ ಮುಚ್ಚಿ, 30ರಿಂದ 37 ಡಿಗ್ರಿ ಬೆಚ್ಚಗಿರುವ ಕಡೆ ಇಡಬೇಕು. ಕೊಳಕು ಜಾಸ್ತಿ ಇದ್ದರೆ ಮರುದಿನವೇ ಪಟ್ಟಿಯ ಸುತ್ತ ಕಪ್ಪು ಹರಡಿ, ನೋಡನೋಡುತ್ತ ಇಡೀ ನೀರು ಮಸಿಯಂತಾಗುತ್ತದೆ. ಚೆಲ್ಲುವ ಮೊದಲು ಬ್ಲೀಚಿಂಗ್ ಪುಡಿ ಹಾಕಿ, ವಾಸನೆಗೆ ಮೂಗು ಮುಚ್ಚಿಕೊಳ್ಳಿ.

ತೊಂದರೆ ಏನಂದ್ರೆ, ಮಣ್ಣಿನಲ್ಲಿ ಸಹಜವಾಗಿ ಇರುವ ಕೆಲವು ಬ್ಯಾಕ್ಟೀರಿಯಾ ಕೂಡ ಇದನ್ನು ಕಪ್ಪು ಮಾಡುತ್ತವೆ. ಹಾಗಾಗಿ ಬಸಿನೀರಿಗೆ ಒಂದೇ ಬಾಟಲಿ ಇಟ್ಟರೆ ಸುಮ್ನೆ ದುಡ್ಡು ದಂಡ. ಸ್ಲರಿ (ನೀರು ಬೆರೆತ ತೆಳು ಸಗಣಿ ಗೊಬ್ಬರ) ಹೊಲಕ್ಕೆ ಬಿಡುವ ಮುಂಚೆ ಒಂದು, ಬಿಟ್ಟ ದಿನವೇ ಒಂದು, ಮೊದಲ ಮಳೆಗೆ ಇನ್ನೊಂದು ತುಂಬಿಸಿ, ಯಾವುದು ಬೇಗ ಕಪ್ಪಾಯಿತು ಅಂತ ಹೋಲಿಸಿ. ನಮ್ಮಲ್ಲಿ ಮಳೆ ಬರುವ ಮೊದಲೇ, ಸ್ಲರಿ ಬಿಟ್ಟ ದಿನದ ಬಾಟಲಿ ಉಳಿದವಕ್ಕಿಂತ ಮುಂಚೆ ಕಪ್ಪಾಯಿತು. ಮಣ್ಣು ಎಲ್ಲ ಸೋಸುತ್ತದೆ ಅಂತೀವಲ್ವಾ? ಒಣಗಿ ಬಿರಿದ ನೆಲದಲ್ಲಿ ಆ ಬಿರುಕು, ಎರೆಹುಳದ ಬಿಲ ಹಿಡಿದು ತೆಳು ಸ್ಲರಿ ನೇರವಾಗಿ ಇಳಿಯುತ್ತದೆ, ಕೆಲವೇ ಗಂಟೆಗಳಲ್ಲಿ ಮೂರಡಿ ಕೆಳಗಿನ ಪೈಪಿಗೆ ಸೇರಿಬಿಡುತ್ತದೆ, ಸೋಸೋಕೆ ಮಣ್ಣಿಗೆ ಅವಕಾಶವೇ ಸಿಗೋದಿಲ್ಲ. ಈಗ ಸ್ಲರಿಗೆ ಮುಂಚೆ ಮೇಲ್ಮಣ್ಣು ಕೆದಕಿ ಬಿಲಗಳ ಬಾಯಿ ಮುರಿಯುತ್ತೇವೆ. ಪೈಪಿನಲ್ಲಿ ನೀರು ಹರಿಯುತ್ತಿದ್ದರೆ, ಮಳೆ ಮೋಡ ಇದ್ದರೆ ಸ್ಲರಿ ಬಿಡೋದೇ ಇಲ್ಲ.

ನನಗೆ ಸಿಟ್ಟು ಬಂದಿದ್ದು ಜೊತೆಗಿದ್ದ ಚೀಟಿ ನೋಡಿ. ‘ಕಪ್ಪಾಗದಿದ್ದರೆ ನೀರು ಸುರಕ್ಷಿತ’ ಅಂತ ಬರೆದಿದ್ದಾರೆ. ಹಾಗೆ ಹೇಳೋದು ತಪ್ಪು. ಮಲದಲ್ಲಿರುವ ಇ. ಕೋಲೈ ಅನ್ನುವ ಬ್ಯಾಕ್ಟೀರಿಯಾವನ್ನು ಇದು ನೇರವಾಗಿ ಹಿಡಿಯೋದಿಲ್ಲ. ಭೇದಿಯಾದ ಕರುಗಳ ಸಗಣಿಯಲ್ಲಿ ಕ್ರಿಪ್ಟೋಸ್ಪೊರಿಡಿಯಂ ಅನ್ನುವ ಪರೋಪಜೀವಿ ಬರುತ್ತದೆ, ಅದು ಕ್ಲೋರಿನ್‌ಗೂ ಸುಲಭಕ್ಕೆ ಜಗ್ಗೋದಿಲ್ಲ, ಈ ಬಾಟಲಿಗೂ ಕಾಣೋದಿಲ್ಲ. ಕೆನಡಾದ ವಾಕರ್ಟನ್‌ನಲ್ಲಿ 2000ದ ಮೇ ತಿಂಗಳಲ್ಲಿ ಜೋರು ಮಳೆಗೆ ದನದ ಗೊಬ್ಬರದ ರೋಗಾಣು ಊರಿನ ಬಾವಿಗೆ ಇಳಿದು 7 ಜನ ಸತ್ತರು, 2,300ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. ಇಂಥ ವಿಷಯದಲ್ಲಿ ಚೀಟಿ ನಂಬಿ ಕೂರೋಕಾಗುತ್ತಾ?

ಹೊಲದ ಪೈಪಿನ ಮೇಲೆ ಕಣ್ಣಿಡೋಕೆ ಬಾಟಲಿ ಸಾಕು, ಇನ್ನೂ ತರಿಸುತ್ತೇನೆ. ಹಳ್ಳದ ಕೆಳಗೆ ಯಾರಾದರೂ ಅದೇ ನೀರು ಕುಡಿಯುತ್ತಿದ್ದರೆ ಮಾತ್ರ ಇದರಲ್ಲಿ ಮುಗಿಸಬೇಡಿ. ಲ್ಯಾಬಿನಿಂದಲೇ ಶುದ್ಧ ಬಾಟಲಿ ತಂದು ನೀರು ತುಂಬಿಸಿ, ಐಸ್ ಪೆಟ್ಟಿಗೆಯಲ್ಲಿಟ್ಟು ಅದೇ ದಿನ ತಲುಪಿಸಿ, ಇ. ಕೋಲೈ ಲೆಕ್ಕ ಕೇಳಿ.