"ಸ್ಮ್ಯಾಶ್ ಫುಲ್ ಕ್ಯಾರೆಕ್ಟರ್ ಉಂಟು" ಅಂತ ಸೆಕೆಂಡ್ ಹ್ಯಾಂಡ್ ಸ್ವಿಚ್ ಮಾರುವವರ ಬಗ್ಗೆ ಜಾಗ್ರತೆ (ಮಂಗಳೂರು, ಉಡುಪಿಯವರು ಓದಿ)

ಮಂಗಳೂರು, ಉಡುಪಿ, ಮಣಿಪಾಲ ಕಡೆ ಯಾರಾದ್ರೂ ಸೆಕೆಂಡ್ ಹ್ಯಾಂಡ್ ನಿಂಟೆಂಡೊ ಸ್ವಿಚ್ (ವಿಡಿಯೋ ಗೇಮ್ ಆಡುವ ಕನ್ಸೋಲ್) ತಗೊಳ್ಳುವ ಅಂದಾಜಲ್ಲಿದ್ರೆ ಹಣ ಕೊಡುವ ಮೊದ್ಲು ಇದನ್ನೊಮ್ಮೆ ಓದಿ. "ಸೂಪರ್ ಸ್ಮ್ಯಾಶ್ ಬ್ರದರ್ಸ್ ಅಲ್ಟಿಮೇಟ್ ಉಂಟು, 89 ಕ್ಯಾರೆಕ್ಟರೂ ಓಪನ್, ಒಳಗಿರುವ ಯೂಸರ್ ಮಾತ್ರ ಡಿಲೀಟ್ ಮಾಡ್ಬೇಡಿ" ಅಂತ ಹಾಕಿ ಮಾರುವ ಒಬ್ಬ ಇದ್ದಾನೆ. ನಮ್ಮ ಹಣ ಹೋಯ್ತು. ಅವನು ಬೇರೆ ಹೆಸರಲ್ಲಿ ಇನ್ನೂ ಮಾರ್ತಾ ಇದ್ದಾನೆ ಅಂತ ಮೊನ್ನೆ ಗೊತ್ತಾಯ್ತು, ಅದಕ್ಕೇ ಬರೀತಿದ್ದೇನೆ.

ತಗೊಂಡದ್ದು ನನ್ನ ಚಿಕ್ಕಮ್ಮನ ಮಗನಿಗೆ, ಎಸ್ಸೆಸ್ಸೆಲ್ಸಿ ಪಾಸಾದ ಖುಷಿಗೆ. ಈ ಗೇಮ್ ಗೊತ್ತಿಲ್ಲದವರಿಗೆ ಹೇಳುದಾದ್ರೆ, ಮಾರಿಯೋ, ಪಿಕಾಚು, ಲಿಂಕ್ ಇವರ ಒಟ್ಟಿಗೆ ಸ್ಟ್ರೀಟ್ ಫೈಟರ್‌ನ ರ್ಯೂ, ಸೆಗಾದ ಸೋನಿಕ್, ಪ್ಯಾಕ್‌ಮ್ಯಾನ್ ಹೀಗೆ ಬೇರೆ ಬೇರೆ ಕಂಪನಿಯ ಪಾತ್ರಗಳು ಒಂದೇ ಕಣಕ್ಕೆ ಇಳಿದು ಹೊಡೆದಾಡುದು. 2018ರ ಡಿಸೆಂಬರಲ್ಲಿ ಬಂದ ಗೇಮ್, ಆಮೇಲೆ 2021ರ ಅಕ್ಟೋಬರ್‌ವರೆಗೂ ಹೊಸ ಫೈಟರ್‌ಗಳು ಬರ್ತಾನೇ ಇದ್ರು, ಕೊನೆಗೆ ಬಂದವನು ಕಿಂಗ್‌ಡಮ್ ಹಾರ್ಟ್ಸ್‌ನ ಸೋರಾ. ನಮ್ಮ ಹುಡುಗನಿಗೆ ಬೇಕಾದದ್ದು ಟೆಕ್ಕೆನ್‌ನ ಕಝುಯಾ ಮತ್ತೆ ಮೈನ್‌ಕ್ರಾಫ್ಟ್‌ನ ಸ್ಟೀವ್. ಅವರಿಬ್ಬರೂ ಮೂಲ ಗೇಮ್‌ನಲ್ಲಿ ಇಲ್ಲ, ಪ್ರತ್ಯೇಕ ದುಡ್ಡು ಕೊಟ್ಟು ತಗೊಳ್ಬೇಕು. ಮೋಸ ಮಾಡ್ಲಿಕ್ಕೆ ಜಾಗ ಸಿಗುದೇ ಅಲ್ಲಿ.

ಇಲ್ಲಿ ಸ್ವಿಚ್ ಅಧಿಕೃತವಾಗಿ ಲಾಂಚ್ ಆದದ್ದೇ ಇಲ್ಲ, ಹಾಗಾಗಿ ನಮ್ಮ ಊರಲ್ಲಿ ಒಂದೋ ದುಬೈ, ಮಸ್ಕತ್‌ನಲ್ಲಿರುವ ಸಂಬಂಧಿಕರು ತರ್ಬೇಕು ಇಲ್ಲದಿದ್ರೆ ಹೀಗೆ ಕೈಯಿಂದ ಕೈಗೆ ತಗೊಳ್ಬೇಕು, ವಾರಂಟಿ ಅಂತ ಕೇಳ್ಲಿಕ್ಕೆ ಯಾರೂ ಇಲ್ಲ. ಇವನು ಹಂಪನಕಟ್ಟೆಯಲ್ಲಿ ಸಿಕ್ಕಿದ, ನೋಡ್ಲಿಕ್ಕೆ ಒಳ್ಳೆ ಹುಡುಗ, ಮಾತೂ ನಯ. ಅಲ್ಲೇ ಆನ್ ಮಾಡಿ ತೋರಿಸಿದ, ಕಝುಯಾ ಉಂಟು, ಸೆಫಿರಾತ್ ಉಂಟು, ಸೋರಾನೂ ಉಂಟು, ಎಲ್ಲ ಸರಿಯಾಗಿ ಓಡ್ತಿತ್ತು. "ಅಣ್ಣ, ನೀವು ಹೊಸ ಯೂಸರ್ ಮಾಡಿ ಆಡಿದ್ರೆ ಮೊದಲಿನ 8 ಜನ ಮಾತ್ರ ಬರ್ತಾರೆ, ಅದಕ್ಕೆ ನನ್ನ ಯೂಸರಲ್ಲೇ ಆಡಿ ಆಯ್ತಾ" ಅಂದ. ಆ 8ರ ಮಾತು ಸತ್ಯ, ಹೊಸ ಯೂಸರಿಗೆ ಗೇಮ್ 8 ಫೈಟರ್‌ಗಳಿಂದಲೇ ಶುರುವಾಗುದು, ಉಳಿದವರನ್ನು ಆಡ್ತಾ ಆಡ್ತಾ ಬಿಡಿಸಿಕೊಳ್ಬೇಕು. ನಿಜವಾದ ಒಂದು ವಿಷಯವನ್ನು ಮುಂದಿಟ್ಟು ಅದರ ಹಿಂದೆ ಸುಳ್ಳನ್ನು ಅಡಗಿಸುದು ಅವನ ಕ್ರಮ. ಗೇಮ್ ಕಾರ್ಟ್ರಿಡ್ಜಲ್ಲಿ (ಕನ್ಸೋಲಿಗೆ ಸಿಕ್ಕಿಸುವ ಚಿಕ್ಕ ಕಾರ್ಡಲ್ಲಿ) ಇರಲಿಲ್ಲ, ಡಿಜಿಟಲ್, ಗೇಮೂ ಹೆಚ್ಚುವರಿ ಫೈಟರ್‌ಗಳ ಪಾಸೂ ಎಲ್ಲ ಅವನ ಅಕೌಂಟಿನ ಮೇಲೆ. ಜಿಪೇ ಮಾಡಿದ್ದು 22 ಸಾವಿರ.

ಮಳೆಗಾಲ ಶುರುವಾದಾಗ ಮೊದಲ ಸಂಶಯ ಬಂತು. ಕರೆಂಟ್ ಹೋದ್ರೆ ವೈಫೈ ಹೋಗ್ತದೆ, ಆದ್ರೆ ಸ್ವಿಚ್ಚಲ್ಲಿ ಚಾರ್ಜ್ ಉಂಟಲ್ವಾ, ಆಡ್ಬಹುದು ತಾನೆ? ಇಲ್ಲ, ನೆಟ್ ಇಲ್ಲದಿದ್ರೆ ಗೇಮ್ ಓಪನ್ನೇ ಆಗುದಿಲ್ಲ. 2025ರ ಏಪ್ರಿಲ್‌ವರೆಗಿದ್ದ ಕ್ರಮದಲ್ಲಿ ಅಕೌಂಟಿನ ಮುಖ್ಯ ಕನ್ಸೋಲ್ ಆಗಿದ್ರೆ ಹೀಗಾಗ್ತಿರಲಿಲ್ಲ, ಬೇರೆ ಕನ್ಸೋಲಲ್ಲಿ ಅದೇ ಅಕೌಂಟ್ ಹಾಕಿ ಆಡುವಾಗ ಪ್ರತಿ ಸಲ ಆನ್‌ಲೈನಲ್ಲಿ ಲೈಸೆನ್ಸ್ ಚೆಕ್ ಆಗ್ತಿತ್ತು. ಅಂದ್ರೆ ನಮಗೆ ಕೊಟ್ಟದ್ದು ಅವನ ಮುಖ್ಯ ಕನ್ಸೋಲ್ ಅಲ್ಲವೇ ಅಲ್ಲ. ಆಮೇಲೆ ಇನ್ನೊಂದು ಶುರು, ಹುಡುಗ ಮ್ಯಾಚಿನ ಮಧ್ಯೆ ಇರುವಾಗಲೇ ಗೇಮ್ ನಿಂತು, ಈ ಅಕೌಂಟಿಂದ ಬೇರೆ ಕನ್ಸೋಲಲ್ಲಿ ಆಡ್ತಿದ್ದಾರೆ ಅನ್ನುವ ಮೆಸೇಜ್ ಬರ್ತಿತ್ತು. ಅದೇ ಅಕೌಂಟನ್ನು ಎಷ್ಟು ಜನರಿಗೆ ಮಾರಿದ್ದಾನೋ! ಕಡೆಗೊಂದು ದಿನ ಪಾಸ್‌ವರ್ಡ್ ಕೇಳ್ತು, ಫೋನ್ ಮಾಡಿದ್ರೆ ಸ್ವಿಚ್ ಆಫ್, ಪೇಜ್ ಇಲ್ಲ, ಚಾಟ್ ಅವನ ಕಡೆಯಿಂದ ಡಿಲೀಟ್. ಹುಡುಗ ಎಷ್ಟೋ ಗಂಟೆ ಕೂತು ಕಲಿತ ಕಝುಯಾನ ಕಾಂಬೋ (ಒಂದರ ಹಿಂದೊಂದು ಏಟು) ಎಲ್ಲ ಹಾಗೇ ಕೈಯಲ್ಲೇ ಉಳೀತು, ಆಡ್ಲಿಕ್ಕೆ ಗೇಮ್ ಇಲ್ಲ. ನನಗೆ ಹಣಕ್ಕಿಂತ ಹೆಚ್ಚು ಸಿಟ್ಟು ಬಂದದ್ದು ಅದಕ್ಕೆ.

ಹಾಗಾಗಿ ತಗೊಳ್ಳುವಾಗ ಕಾರ್ಟ್ರಿಡ್ಜ್ ಕೇಳಿ. ಅದು ನಿಮ್ಮ ಕೈಯಲ್ಲಿದ್ರೆ ಕಡೇ ಪಕ್ಷ ಮೂಲ ಗೇಮನ್ನು ಯಾರೂ ದೂರದಿಂದ ಕಿತ್ತುಕೊಳ್ಳುದಿಲ್ಲ. ಹೆಚ್ಚುವರಿ ಫೈಟರ್‌ಗಳಲ್ಲಿ ಹೆಚ್ಚಿನವರು ಎರಡು ಪಾಸಲ್ಲಿ ಬರುದು, ಮೊದಲನೇದು 24.99 ಡಾಲರ್, ಎರಡನೇದು 29.99, ಕಝುಯಾ, ಸ್ಟೀವ್, ಸೋರಾ ಎಲ್ಲ ಎರಡನೇದರಲ್ಲಿ. ಎರಡೂ ಸೇರಿ ಸುಮಾರು 55 ಡಾಲರಿನ ಸಾಮಾನನ್ನು ಒಬ್ಬ ಫ್ರೀ ಅಂತ ಸೇರಿಸಿ ಕೊಡ್ತಾನೆ ಅಂದ್ರೆ ಅದು ಯಾರ ಅಕೌಂಟಲ್ಲಿ ಉಂಟು ಅಂತ ಕೇಳ್ಲೇಬೇಕು. ಮಾರುವವನ ಎದುರೇ ಅವನ ಯೂಸರ್ ತೆಗೆಸಿ, ಕನ್ಸೋಲ್ ಪೂರ್ತಿ ರೀಸೆಟ್ ಮಾಡಿಸಿ, ನಿಮ್ಮ ಅಕೌಂಟ್ ಹಾಕಿ, ಈಶಾಪ್ (ನಿಂಟೆಂಡೊದ ಆನ್‌ಲೈನ್ ಅಂಗಡಿ) ಓಪನ್ ಆಗ್ತದಾ ನೋಡಿ. ಮಾಡ್ ಮಾಡಿದ (ಒಳಗಿನ ಸಾಫ್ಟ್‌ವೇರ್ ತಿದ್ದಿದ) ಕನ್ಸೋಲನ್ನು ನಿಂಟೆಂಡೊ ಆನ್‌ಲೈನಿಂದ ಬ್ಯಾನ್ ಮಾಡ್ತದೆ, ಅಂಥದ್ದು ಆಫ್‌ಲೈನಲ್ಲಿ ಚಂದ ಓಡ್ತದೆ, ಮನೆಗೆ ಬಂದ ಮೇಲೆ ಗೊತ್ತಾಗುದು. ಜಾಯ್‌ಕಾನ್ (ಬದಿಯ ಕಂಟ್ರೋಲರ್) ಸ್ಟಿಕ್ ಮುಟ್ಟದೆ ಇರುವಾಗ ಕ್ಯಾರೆಕ್ಟರ್ ತಾನೇ ನಡೀತದಾ ಅಂತಲೂ ನೋಡಿ. ರೀಸೆಟ್ ಬೇಡ ಅಂತ ಅವನು ತಡವರಿಸಿದ್ರೆ ಎದ್ದು ಬನ್ನಿ.

"ಇದೆಲ್ಲ ರಗಳೆ ಬೇಡ, ಫ್ರೀ ಗೇಮ್ ಆಡ್ಲಿ" ಅಂತ ಕೆಲವರು ಹೇಳಿದ್ರು. ಬ್ಯಾಟ್‌ಮ್ಯಾನ್, ಶ್ಯಾಗಿ, ಟಾಮ್ ಅಂಡ್ ಜೆರಿ ಎಲ್ಲ ಇದ್ದ ಮಲ್ಟಿವರ್ಸಸ್ ಫ್ರೀಯೇ ಆಗಿತ್ತು, ಆದ್ರೆ ಅದರ ಆನ್‌ಲೈನ್ 2025ರ ಮೇ 30ಕ್ಕೆ ಬಂದ್ ಆಯ್ತು, ಕೊನೆ ಸೀಸನಲ್ಲಿ ಲಾಗಿನ್ ಆದವರಿಗೆ ಮಾತ್ರ ಆಫ್‌ಲೈನ್ ಉಳಿದದ್ದು. ಹಣ ಹಾಕುವ ಮೊದ್ಲು ಇದೂ ತಲೆಯಲ್ಲಿರಲಿ.

ಈಗಾಗ್ಲೇ ಹೀಗೆ ಹಣ ಕೊಟ್ಟವರಿದ್ರೆ ತಡ ಮಾಡ್ಬೇಡಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಆಮೇಲೆ ಯುಪಿಐ ರೆಫರೆನ್ಸ್ ನಂಬರು, ಆ್ಯಡಿನ ಸ್ಕ್ರೀನ್‌ಶಾಟ್, ಕನ್ಸೋಲಿನ ಅಡಿಯಲ್ಲಿರುವ ಸೀರಿಯಲ್ ನಂಬರಿನ ಫೋಟೋ ತಗೊಂಡು ನಿಮ್ಮ ಜಿಲ್ಲೆಯ ಸೆನ್ (ಸೈಬರ್, ಆರ್ಥಿಕ, ಮಾದಕ ಅಪರಾಧ) ಪೊಲೀಸ್ ಠಾಣೆಗೆ ಹೋಗಿ. ನಾವು ದೂರು ಕೊಟ್ಟಿದ್ದೇವೆ. ನಿಮ್ಮದರಲ್ಲೂ "ಬೇರೆ ಕನ್ಸೋಲಲ್ಲಿ ಆಡ್ತಿದ್ದಾರೆ" ಅಂತ ಬಂದು ಗೇಮ್ ನಿಲ್ತಾ ಉಂಟಾದ್ರೆ ದಯವಿಟ್ಟು ನನಗೆ ಮೆಸೇಜ್ ಮಾಡಿ, ಒಂದೇ ಅಕೌಂಟನ್ನು ಹಲವರಿಗೆ ಮಾರಿದ್ದು ಅಂತ ತೋರಿಸ್ಲಿಕ್ಕೆ ನಮಗೆ ಇನ್ನೂ ಜನ ಬೇಕು.